ಹಸಿರು ದೀಪ ಉರಿಯುತ್ತಿದ್ದರೂ ಹೊಗೆ ಹಾಗೇ ಇದೆಯೇ? ಇಎಸ್‌ಪಿ ಮುಂದಿನ ಅಗ್ಲೊಮರೇಟರ್‌ನ ದೋಷ ಹುಡುಕುವ ಬಗೆ

ಪ್ಯಾನಲ್‌ನಲ್ಲಿ ಎರಡೂ ಹಸಿರು ದೀಪ ಉರಿಯುತ್ತಿರುತ್ತವೆ. ಟ್ರಿಪ್ ಇಲ್ಲ, ಅಲಾರಂ ಇಲ್ಲ. ಆದರೂ ಚಿಮಣಿ ಬಾಯಲ್ಲಿ ಆ ತೆಳು ಹೊಗೆ ಹಾಗೇ ನಿಂತಿರುತ್ತದೆ. ಇಎಸ್‌ಪಿ ಅಂದರೆ ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್, ಹೈ ವೋಲ್ಟೇಜ್ ವೈರ್‌ಗಳಿಂದ ಹೊಗೆಯ ಧೂಳಿಗೆ ಚಾರ್ಜ್ ಕೊಟ್ಟು ಪ್ಲೇಟ್‌ಗಳ ಮೇಲೆ ಹಿಡಿಯುವ ಯಂತ್ರ. ಅದಕ್ಕೆ ಹೋಗುವ ಡಕ್ಟ್‌ನಲ್ಲಿ (ಗ್ಯಾಸಿನ ಕೊಳವೆಯಲ್ಲಿ) ಅಗ್ಲೊಮರೇಟರ್, ಅಂದರೆ ಸಣ್ಣ ಧೂಳನ್ನು ದಪ್ಪ ಧೂಳಿಗೆ ಅಂಟಿಸುವ ಯಂತ್ರ, ಕೂರಿಸಿಕೊಂಡವರ ದೂರು ಬಹುತೇಕ ಇದೇ. ಮೋಟರ್ ಕೆಟ್ಟರೆ ನಿಲ್ಲುತ್ತದೆ, ಫ್ಯಾನ್ ಕೆಟ್ಟರೆ ಸದ್ದು ಮಾಡುತ್ತದೆ. ಈ ಯಂತ್ರ ಮಾತ್ರ ಕೆಟ್ಟ ಮೇಲೂ ಓಡುತ್ತಿರುವ ಹಾಗೇ ಕಾಣುತ್ತದೆ. ಹಾಗಾಗಿ ಇದರ ದೋಷ ಹುಡುಕುವ ದಾರಿಯೂ ಸ್ವಲ್ಪ ಬೇರೆ.

ಗಿಣಿಗೇರಿ, ಹಲಕುಂದಿ ಕಡೆ ಸ್ಪಾಂಜ್ ಐರನ್ ಕಿಲ್ನ್ (ಅದಿರಿನಿಂದ ಕಬ್ಬಿಣ ಮಾಡುವ ಕುಲುಮೆ) ಜೊತೆ ಕೆಲಸ ಮಾಡುವವರಿಗೆ, ಇಲ್ಲವೇ ಶಕ್ತಿನಗರ, ಕುಡಿತಿನಿಯಲ್ಲಿರುವಂಥ ಕಲ್ಲಿದ್ದಲು ಬಾಯ್ಲರ್‌ಗಳ ಜೊತೆ ಕೆಲಸ ಮಾಡುವವರಿಗೆ ಇಎಸ್‌ಪಿ ಹೊಸದಲ್ಲ. ಅದರ ಮುಂದೆ ಇನ್ನೊಂದು ಚಾರ್ಜರ್ ಯಾಕೆ ಬೇಕು ಅನ್ನೋದನ್ನು ಮಾತ್ರ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ.

1 ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ) ದಪ್ಪ ಕಣಗಳಿಗೆ ಇಎಸ್‌ಪಿಯ ವಿದ್ಯುತ್ ಕ್ಷೇತ್ರವೇ ಚೆನ್ನಾಗಿ ಚಾರ್ಜ್ ಕೊಡುತ್ತದೆ. 0.1 ಮೈಕ್ರಾನಿಗಿಂತ ಸಣ್ಣವು ಗಾಳಿಯಲ್ಲಿ ಅತ್ತಿತ್ತ ಓಡಾಡುವ ಅಯಾನುಗಳಿಗೆ ಡಿಕ್ಕಿ ಹೊಡೆದು ಚಾರ್ಜ್ ಆಗುತ್ತವೆ, ಗ್ಯಾಸಿನ ತಡೆ ಅವಕ್ಕೆ ಕಮ್ಮಿಯಾದ್ದರಿಂದ ಪ್ಲೇಟಿನ ಕಡೆ ಬೇಗ ಓಡುತ್ತವೆ. ನಡುವಿನ 0.2ರಿಂದ 0.5 ಮೈಕ್ರಾನಿನ ಕಣಗಳಿಗೆ ಎರಡೂ ಅರೆಬರೆ. ಅವೇ ತಪ್ಪಿಸಿಕೊಂಡು ಚಿಮಣಿಗೆ ಹೋಗುವುದು. ಕಣ್ಣಿಗೆ ಕಾಣುವ ಬೆಳಕಿನ ತರಂಗದ ಅಳತೆ 0.4ರಿಂದ 0.7 ಮೈಕ್ರಾನ್. ಹೆಚ್ಚುಕಮ್ಮಿ ಅದೇ ಅಳತೆಯ ಕಣಗಳು ಬೆಳಕನ್ನು ಜಾಸ್ತಿ ಚೆದುರಿಸುತ್ತವೆ. ಅಂದರೆ ನಮ್ಮ ಇಎಸ್‌ಪಿ ಯಾವುದನ್ನು ಬಿಡುತ್ತದೋ ಅದೇ ಊರಿಗೆಲ್ಲ ಎದ್ದು ಕಾಣುತ್ತದೆ.

ಅಗ್ಲೊಮರೇಟರ್ ಮಾಡುವ ಕೆಲಸ ಸರಳ. ಡಕ್ಟ್‌ನಲ್ಲಿ ಬರುವ ಗ್ಯಾಸನ್ನು ಸಾಲು ಸಾಲು ಕಿರಿದಾದ ದಾರಿಗಳಾಗಿ ಸೀಳುತ್ತದೆ. ಒಂದು ದಾರಿಯ ಧೂಳಿಗೆ ಪಾಸಿಟಿವ್ ಚಾರ್ಜ್, ಪಕ್ಕದ ದಾರಿಯ ಧೂಳಿಗೆ ನೆಗೆಟಿವ್. ಆಮೇಲೆ ಮಿಕ್ಸಿಂಗ್ ವೇನ್‌ಗಳು ಎರಡನ್ನೂ ಕಲಸುತ್ತವೆ. ಎದುರು ಬದುರು ಚಾರ್ಜ್ ಇರುವ ಸಣ್ಣ ಕಣ ಹೋಗಿ ದಪ್ಪ ಕಣಕ್ಕೆ ಅಂಟಿಕೊಳ್ಳುತ್ತದೆ. ಇಎಸ್‌ಪಿ ಆ ದಪ್ಪ ಕಣವನ್ನು ಹಿಡಿಯುತ್ತದೆ. ಅಷ್ಟೇ.

ಇದರಲ್ಲಿ ಮರೆಯಬಾರದ ಮಾತೊಂದಿದೆ. ಅಗ್ಲೊಮರೇಟರ್ ಧೂಳನ್ನು ಹಿಡಿಯುವುದಿಲ್ಲ, ಹಿಡಿಯುವವನಿಗೆ ತಯಾರು ಮಾಡಿ ಕೊಡುತ್ತದೆ. ಹಿಂದಿನ ಇಎಸ್‌ಪಿ ಸರಿಯಿಲ್ಲದಿದ್ದರೆ ಮುಂದಿನ ಚಾರ್ಜರ್‌ಗೆ ಎಷ್ಟು ಕೆವಿ (ಕಿಲೋವೋಲ್ಟ್) ಏರಿಸಿದರೂ ಸುಮ್ನೆ ಕರೆಂಟ್ ಖರ್ಚು.

ಮೊದಲು ಆಫ್ ಮಾಡಿ ನೋಡಿ

ಸ್ಪ್ಯಾನರ್ ಹಿಡಿಯುವ ಮುಂಚೆ ಮಾಡಬೇಕಾದ ಪರೀಕ್ಷೆ ಇದು. ಕಿಲ್ನ್ ಅಥವಾ ಬಾಯ್ಲರ್ ಒಂದೇ ಲೋಡಿನಲ್ಲಿ ಓಡುತ್ತಿರಲಿ. ಇಎಸ್‌ಪಿಯ ಎಲ್ಲ ಫೀಲ್ಡ್‌ಗಳ (ಒಂದರ ಹಿಂದೊಂದು ಇರುವ ಭಾಗಗಳ) ಕೆವಿ ಬದಲಾಗದ ಹಾಗೆ ನೋಡಿಕೊಳ್ಳಿ. ಒಪಾಸಿಟಿ ಮೀಟರ್‌ನ (ಹೊಗೆ ಎಷ್ಟು ಬೆಳಕು ತಡೆಯುತ್ತದೆ ಎಂದು ಅಳೆಯುವ ಮೀಟರ್‌ನ) ಗಾಜು ಒರೆಸಿ. ಆಮೇಲೆ ಅಗ್ಲೊಮರೇಟರ್‌ನ ಎರಡೂ ಟಿಆರ್ ಸೆಟ್ (ಹೈ ವೋಲ್ಟೇಜ್ ಡಿಸಿ ಕೊಡುವ ಟ್ರಾನ್ಸ್‌ಫಾರ್ಮರ್-ರೆಕ್ಟಿಫೈಯರ್; ಪಾಸಿಟಿವ್‌ಗೆ ಒಂದು, ನೆಗೆಟಿವ್‌ಗೆ ಒಂದು) ಆಫ್ ಮಾಡಿ ಅರ್ಧ ಗಂಟೆ ಬಿಡಿ, ಆನ್ ಮಾಡಿ ಅರ್ಧ ಗಂಟೆ ಬಿಡಿ, ಹೀಗೆ ಒಂದಷ್ಟು ಸಲ ಮಾಡಿ ಒಪಾಸಿಟಿ ಟ್ರೆಂಡ್ ತೆಗೆದುಕೊಳ್ಳಿ. ಒಂದೇ ಸಲ ಮಾಡಿ ತೀರ್ಮಾನ ಕೊಡಬೇಡಿ, ಯಾಕಂದ್ರೆ ಅದೇ ಹೊತ್ತಿಗೆ ಕೊನೆಯ ಫೀಲ್ಡಿನಲ್ಲಿ ಪ್ಲೇಟಿನ ಬೂದಿ ಉದುರಿಸುವ ಸುತ್ತಿಗೆ (ರ‍್ಯಾಪಿಂಗ್) ಬಿದ್ದು ಒಂದು ಧೂಳಿನ ಅಲೆ ಎದ್ದಿದ್ದರೆ ಟ್ರೆಂಡ್ ಪೂರ್ತಿ ದಾರಿ ತಪ್ಪಿಸುತ್ತದೆ.

ಆಫ್ ಮಾಡಿದಾಗ ಒಪಾಸಿಟಿ ಏರಿ, ಆನ್ ಮಾಡಿದಾಗ ಇಳಿದರೆ ಅಗ್ಲೊಮರೇಟರ್ ಕೆಲಸ ಮಾಡುತ್ತಿದೆ. ದೋಷ ಬೇರೆ ಕಡೆ ಹುಡುಕಿ. ಎರಡರಲ್ಲೂ ಗೆರೆ ಒಂದೇ ಮಟ್ಟದಲ್ಲಿದ್ದರೆ ಮುಂದೆ ಓದಿ. ಆನ್ ಮಾಡಿದಾಗಲೇ ಹೊಗೆ ಜಾಸ್ತಿಯಾದರೆ ಅದು ಇನ್ನೂ ಒಳ್ಳೆಯ ಸುಳಿವು. ಅದರ ಮಾತು ‘ಎರಡೂ ಕಡೆ ನೆಗೆಟಿವ್’ ಭಾಗದಲ್ಲಿ ಬರುತ್ತದೆ.

ಒಪಾಸಿಟಿ ಬದಲು ಸ್ಟ್ಯಾಕ್ ಸ್ಯಾಂಪ್ಲಿಂಗ್‌ನ ಮಿಲಿಗ್ರಾಂ ಲೆಕ್ಕ ಹಿಡಿದು ಈ ಪರೀಕ್ಷೆ ಮಾಡುವವರಿದ್ದಾರೆ. ಬೇಡ. 10 ಮೈಕ್ರಾನಿನ ಒಂದು ಕಣದಷ್ಟು ತೂಗಬೇಕಾದರೆ 1 ಮೈಕ್ರಾನಿನ ಕಣಗಳು 1000 ಬೇಕು. ಸಣ್ಣ ಕಣ ಎಷ್ಟೋ ಕಮ್ಮಿಯಾದರೂ ಫಿಲ್ಟರ್ ಪೇಪರಿನ ತೂಕದಲ್ಲಿ ಅದು ಅಷ್ಟಾಗಿ ಕಾಣದು. ಕಲ್ಲಿದ್ದಲಿನ ಸ್ಪಾಂಜ್ ಐರನ್ ಕಿಲ್ನ್‌ಗೆ ಘನ ಮೀಟರ್ ಗ್ಯಾಸಿಗೆ 100 ಮಿಲಿಗ್ರಾಂ ಮಿತಿ ಇದೆ. ವಿದ್ಯುತ್ ಕೇಂದ್ರಗಳಿಗೆ 2015ರ ನಿಯಮದಂತೆ ಘಟಕದ ವಯಸ್ಸು ನೋಡಿ 100, 50 ಅಥವಾ 30. ಮಾಲಿನ್ಯ ನಿಯಂತ್ರಣ ಬೋರ್ಡಿನವರು ಕೇಳುವುದು ಈ ತೂಕ, ಊರಿನವರು ನೋಡುವುದು ಹೊಗೆ. ಅಗ್ಲೊಮರೇಟರ್‌ನ ಫಲ ಮೊದಲು ಕಾಣುವುದು ಹೊಗೆಯಲ್ಲಿ.

ಎರಡು ಮೀಟರ್‌ಗಳನ್ನು ಒಟ್ಟಿಗೆ ಓದಿ

“ಸರ್, ಕೆವಿ ಏರವಲ್ದ್ರೀ” ಎಂದು ರಾತ್ರಿ ಶಿಫ್ಟಿನ ಹೆಲ್ಪರ್ ಫೋನ್ ಮಾಡಿದರೆ ಮೊದಲು ಕೇಳಬೇಕಾದದ್ದು “ಎಂಎ ಎಷ್ಟೈತಿ?” ಅಂತ. ಕೆವಿ ಒಂದೇ ಗೊತ್ತಾದರೆ ಏನೂ ಗೊತ್ತಾದಂತಲ್ಲ. ಕೆವಿ, ಮಿಲಿ ಆಂಪಿಯರ್, ನಿಮಿಷಕ್ಕೆ ಎಷ್ಟು ಸ್ಪಾರ್ಕ್, ಈ ಮೂರೂ ಬೇಕು, ಅದೂ ಪಾಸಿಟಿವ್ ಮತ್ತು ನೆಗೆಟಿವ್ ಎರಡೂ ಕಡೆಯದ್ದು.

ಕೆವಿ ಸೊನ್ನೆಯ ಹತ್ತಿರ, ಕರೆಂಟ್ ಮಿತಿಗೆ ಮುಟ್ಟಿದೆ: ನೇರ ಶಾರ್ಟ್. ಚಾರ್ಜ್ ಕೊಡುವ ವೈರ್ ತುಂಡಾಗಿ ಪ್ಲೇಟಿಗೆ ತಾಗಿರಬಹುದು, ಇಲ್ಲವೇ ಡಕ್ಟ್ ತಳದಲ್ಲಿ ಬೂದಿ ಗುಡ್ಡೆಯಾಗಿ ವೈರ್‌ಗಳ ಫ್ರೇಮಿಗೆ ಮುಟ್ಟಿರಬಹುದು. ಕೆವಿ ಜಾಸ್ತಿ, ಕರೆಂಟ್ ಪೂರ್ತಿ ಸೊನ್ನೆ: ಎಲ್ಲೋ ಕನೆಕ್ಷನ್ ಬಿಟ್ಟಿದೆ, ಬಸ್ ಡಕ್ಟ್ ಮತ್ತು ಐಸೊಲೇಟರ್ ನೋಡಿ. ಇವೆರಡೂ ಸುಲಭ. ಯಾರು ಬೇಕಾದರೂ ಹಿಡಿಯುತ್ತಾರೆ.

ಕಷ್ಟ ಇರುವುದು ನಡುವಿನ ಕೇಸುಗಳಲ್ಲಿ. ಅದಕ್ಕೆ ವಿ-ಐ (ವೋಲ್ಟೇಜ್-ಕರೆಂಟ್) ಗೆರೆ ಬರೆಯಲೇಬೇಕು. ಕಂಟ್ರೋಲರನ್ನು ಮ್ಯಾನುಯಲ್‌ಗೆ ಹಾಕಿ, ಸೊನ್ನೆಯಿಂದ ಮೆಲ್ಲಗೆ ಏರಿಸುತ್ತಾ, ಪ್ರತಿ ಹಂತದಲ್ಲೂ ಕೆವಿ ಮತ್ತು ಎಂಎ ಬರೆದುಕೊಂಡು ಗ್ರಾಫ್ ಹಾಳೆ ಮೇಲೆ ಗುರುತು ಹಾಕಿ. ಸರಿಯಾಗಿರುವ ಚಾರ್ಜರ್‌ನಲ್ಲಿ ಕೊರೋನಾ (ವೈರ್ ಸುತ್ತ ಗ್ಯಾಸಿಗೆ ಕರೆಂಟ್ ಸೋರುವ ಮಿನುಗು) ಹೊತ್ತಿಕೊಳ್ಳುವ ಕೆವಿ ಬರುವ ತನಕ ಕರೆಂಟ್ ಹೆಚ್ಚುಕಮ್ಮಿ ಇರುವುದೇ ಇಲ್ಲ. ಅದಾದ ಮೇಲೆ ಗೆರೆ ಬೇಗ ಬೇಗ ಮೇಲೇರುತ್ತದೆ. ಮೊದಲ ಒಂದೆರಡು ಕೆವಿಯಿಂದಲೇ ಕರೆಂಟ್ ಶುರುವಾಗಿ ಗೆರೆ ನೆಟ್ಟಗೆ ಏರಿದರೆ ಅದು ಕೊರೋನಾ ಅಲ್ಲ, ಸೋರಿಕೆ. ಇನ್ಸುಲೇಟರ್ ಮೇಲೆ ತೇವ, ಮಸಿ ಅಥವಾ ಬಿರುಕು ಇದೆ. ಪ್ಯಾನಲ್‌ಗೆ ಕರೆಂಟ್ ಹೋಗುತ್ತಿರುವುದಷ್ಟೇ ಗೊತ್ತು, ಅದು ಧೂಳಿಗೆ ಹೋಯಿತೋ ಪಿಂಗಾಣಿ ಮೇಲೆ ಹರಿಯಿತೋ ಗೊತ್ತಾಗುವುದಿಲ್ಲ. ಹಸಿರು ದೀಪ ಸುಳ್ಳು ಹೇಳುವುದು ಹೀಗೆ.

ಗೆರೆ ಬಲಕ್ಕೆ ಸರಿದಿದ್ದರೆ, ಅಂದರೆ ಅದೇ ಕರೆಂಟಿಗೆ ಮುಂಚೆಗಿಂತ ಜಾಸ್ತಿ ಕೆವಿ ಬೇಕಾಗುತ್ತಿದ್ದರೆ, ವೈರ್ ಮೇಲೆ ಬೂದಿ ಕಟ್ಟಿ ದಪ್ಪಗಾಗಿದೆ. ಕೊರೋನಾಕ್ಕೆ ಚೂಪು ಬೇಕು, ದಪ್ಪವಾದ ವೈರ್ ಕರೆಂಟ್ ಬಿಡುವುದಿಲ್ಲ. ಇಲ್ಲಿ ಒಂದು ಗೊಂದಲ ಆಗುತ್ತದೆ. ಗ್ಯಾಸಿನಲ್ಲಿ ಸಣ್ಣ ಧೂಳು ವಿಪರೀತ ಇದ್ದರೂ ಇದೇ ಲಕ್ಷಣ ಕಾಣುತ್ತದೆ, ಚಾರ್ಜ್ ಆದ ಧೂಳೇ ನಡುವೆ ನಿಂತು ಕೊರೋನಾವನ್ನು ಅದುಮಿಬಿಡುತ್ತದೆ. ಎರಡನ್ನೂ ಬೇರೆ ಮಾಡುವ ದಾರಿ ಏರ್ ಲೋಡ್ ಟೆಸ್ಟ್, ಅಂದರೆ ಬರೀ ಗಾಳಿಯಲ್ಲಿ ಇದೇ ಗೆರೆ ಬರೆಯುವುದು. ಗ್ಯಾಸ್ ಇಲ್ಲದಾಗಲೂ ಗೆರೆ ಬಲಕ್ಕೇ ಇದ್ದರೆ ವೈರ್ ಮೇಲಿನ ಬೂದಿ. ಗ್ಯಾಸ್ ಬಂದಾಗ ಮಾತ್ರ ಸರಿದರೆ ಧೂಳಿನ ಹೊರೆ.

ಏರ್ ಲೋಡಿನ ಕೆವಿಯನ್ನು ಗ್ಯಾಸ್ ಲೋಡಿನ ಕೆವಿ ಜೊತೆ ನೇರವಾಗಿ ಹೋಲಿಸಬೇಡಿ. 25 ಡಿಗ್ರಿ ಗಾಳಿಗಿಂತ 150 ಡಿಗ್ರಿ ಗ್ಯಾಸ್ ಸುಮಾರು ಶೇ. 30ರಷ್ಟು ತೆಳು. ತೆಳುವಾದ ಗ್ಯಾಸಿನಲ್ಲಿ ಸ್ಪಾರ್ಕ್ ಬೇಗ ಹೊಡೆಯುತ್ತದೆ. ಕಿಲ್ನ್ ಬಿಸಿಯಾದ ಮೇಲೆ ಕೆವಿ ಕೆಳಗಿಳಿದರೆ ಅದು ದೋಷವಲ್ಲ, ಭೌತಶಾಸ್ತ್ರ.

ಸ್ಪಾರ್ಕ್ ಕೂಡ ಮಾತಾಡುತ್ತದೆ. ಪ್ರತಿ ಸಲ ಅದೇ ಕೆವಿಗೆ ಹೊಡೆದರೆ ಎಲ್ಲೋ ಅಂತರ ಕಮ್ಮಿಯಾಗಿದೆ: ಫ್ರೇಮ್ ಬಾಗಿದೆ, ಪ್ಲೇಟ್ ಸೊಟ್ಟಗಾಗಿದೆ. ರ‍್ಯಾಪಿಂಗ್ ಹೊತ್ತಿಗೆ ಮಾತ್ರ ಹೊಡೆದರೆ ಉದುರುವ ಬೂದಿ, ತಲೆ ಕೆಡಿಸಿಕೊಳ್ಳಬೇಡಿ. ಬೆಳಗ್ಗೆ ಸ್ಟಾರ್ಟ್ ಆದಾಗ ಹೊಡೆದು ಬಿಸಿಲೇರಿದ ಮೇಲೆ ನಿಂತರೆ ತೇವ.

ಇನ್ನೊಂದು ಮಾತು. ಪಾಸಿಟಿವ್ ಕಡೆಯ ಕರೆಂಟ್ ನೆಗೆಟಿವ್‌ಗಿಂತ ಕಮ್ಮಿ ಇರುವುದು ಸಹಜ. ಪಾಸಿಟಿವ್ ಕೊರೋನಾ ಕಮ್ಮಿ ಕೆವಿಗೇ ಸ್ಪಾರ್ಕ್ ಆಗುತ್ತದೆ. ಅದಕ್ಕೇ ದೊಡ್ಡ ಇಎಸ್‌ಪಿಗಳನ್ನೆಲ್ಲ ನೆಗೆಟಿವ್‌ನಲ್ಲಿ ಓಡಿಸುವುದು. ಎರಡೂ ಮೀಟರ್ ಸಮ ಕಾಣಲಿ ಎಂಬ ಆಸೆಗೆ ಪಾಸಿಟಿವ್ ಕಡೆ ಏರಿಸುತ್ತಾ ಹೋದರೆ ಸ್ಪಾರ್ಕ್ ಸುರಿಮಳೆಯಾಗಿ ಸರಾಸರಿ ಕೆವಿ ಇನ್ನೂ ಬಿದ್ದು ಹೋಗುತ್ತದೆ. ಸ್ಪಾರ್ಕ್ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಪಾಸಿಟಿವ್ ನಿಲ್ಲಿಸಿ. ಅಸಮ ವಿಪರೀತ ಅನಿಸಿದರೆ ನೆಗೆಟಿವ್ ಕಡೆಯನ್ನು ಇಳಿಸಿ ನೋಡಿ, ಒಪಾಸಿಟಿ ಏನು ಹೇಳುತ್ತದೋ ಅದನ್ನು ನಂಬಿ.

ಬಾಗಿಲು ತೆಗೆಯುವ ಮುಂಚೆ

ಇಲ್ಲಿಗೆ ಹೊರಗಿನಿಂದ ನೋಡುವುದು ಮುಗಿಯಿತು, ಮುಂದಿನದ್ದಕ್ಕೆ ಒಳಗೆ ಹೋಗಬೇಕು. ಶಟ್‌ಡೌನ್ ಪರ್ಮಿಟ್ ಕೈಗೆ ಬರದೆ ಹೋಗಬೇಡಿ. ಬ್ರೇಕರ್ ಆಫ್, ಐಸೊಲೇಟರ್ ಅರ್ಥ್ ಕಡೆಗೆ, ಇಂಟರ್‌ಲಾಕ್ ಕೀ ನಿಮ್ಮ ಜೇಬಿನಲ್ಲಿ. ಬಾಗಿಲು ತೆಗೆದ ಮೇಲೆ ಅರ್ಥಿಂಗ್ ರಾಡ್‌ನಿಂದ ಫ್ರೇಮ್ ಮುಟ್ಟಿಸಿ, ರಾಡ್ ಅಲ್ಲೇ ತೂಗಿ ಹಾಕಿ. ಒಂದು ಸಲ ಮುಟ್ಟಿಸಿ ತೆಗೆದರೆ ಸಾಲದು. ಮತ್ತೆ, ಇದು ಎರಡು ಟಿಆರ್ ಸೆಟ್ ಇರುವ ಯಂತ್ರ. ನೆಗೆಟಿವ್ ಅರ್ಥ್ ಮಾಡಿ ಪಾಸಿಟಿವ್ ಮರೆತರೆ ಪಕ್ಕದ ದಾರಿಯಲ್ಲೇ ಸಾವು ಕಾಯುತ್ತಿರುತ್ತದೆ. ಇಎಸ್‌ಪಿ ಕೆಲಸಕ್ಕೆ ಒಗ್ಗಿದ ಕೈಗಳು ಒಂದೇ ರಾಡ್ ತಗೊಂಡು ಬರುತ್ತವೆ, ಎರಡು ತರಿಸಿ.

ಸ್ಪಾಂಜ್ ಐರನ್ ಕಿಲ್ನ್ ಗ್ಯಾಸಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಆಫ್ಟರ್ ಬರ್ನಿಂಗ್ ಚೇಂಬರ್‌ನಲ್ಲಿ ಅದು ಸರಿಯಾಗಿ ಉರಿಯದೆ ಬಂದರೆ ಮನುಷ್ಯನಿಗೂ ಕಂಟಕ, ಸ್ಪಾರ್ಕ್ ತಾಗಿದರೆ ಡಕ್ಟ್‌ಗೂ ಕಂಟಕ. ಇಎಸ್‌ಪಿಗೆ ಇರುವ ಸಿಒ ಟ್ರಿಪ್ ಅಗ್ಲೊಮರೇಟರ್‌ನ ಎರಡೂ ಟಿಆರ್ ಸೆಟ್‌ಗಳಿಗೂ ಹೋಗಿರಬೇಕು. ಆಮೇಲೆ ಸೇರಿಸಿದ ಯಂತ್ರವಾದ್ದರಿಂದ ಆ ಒಂದು ವೈರ್ ಎಳೆಯದೇ ಬಿಟ್ಟಿರುವ ಸಾಧ್ಯತೆ ಇದೆ, ಡ್ರಾಯಿಂಗ್ ನಂಬದೆ ಸಿಗ್ನಲ್ ಕೊಟ್ಟು ಪರೀಕ್ಷಿಸಿ. ಒಳಗೆ ಇಳಿಯುವ ಮುಂಚೆ ಆಮ್ಲಜನಕ ಶೇ. 19.5ಕ್ಕಿಂತ ಮೇಲಿದೆಯೇ, ಸಿಒ ಇಲ್ಲವೇ ಎಂದು ಮೀಟರ್ ಹಿಡಿದು ನೋಡಿ.

ತೇವ, ಅಂದರೆ ಬಹಳಷ್ಟು ದೂರುಗಳ ಮೂಲ

ವೈರ್ ಫ್ರೇಮನ್ನು ಹೊರುವ ಪಿಂಗಾಣಿ, ಅಂದರೆ ಸಪೋರ್ಟ್ ಇನ್ಸುಲೇಟರ್, ಕೂರುವ ಪೆಟ್ಟಿಗೆಗೆ ಹೀಟರ್ ಮತ್ತು ಪರ್ಜ್ ಗಾಳಿ ಎರಡೂ ಇರುತ್ತವೆ. ಹೀಟರ್ ಇರುವುದು ಪಿಂಗಾಣಿಯ ಮೇಲೆ ನೀರು ಕೂರದ ಹಾಗೆ ನೋಡಿಕೊಳ್ಳಲು, ಪರ್ಜ್ ಗಾಳಿ ಇರುವುದು ಧೂಳನ್ನು ದೂರ ಇಡಲು. ಎರಡರಲ್ಲಿ ಒಂದು ಹೋದರೂ ಇನ್ನೊಂದು ಕೆಲಸಕ್ಕೆ ಬರುವುದಿಲ್ಲ. ಹೀಟರ್ ಸುಟ್ಟು ಪರ್ಜ್ ಫ್ಯಾನ್ ಮಾತ್ರ ಓಡುತ್ತಿದ್ದರೆ ಹೊರಗಿನ ತಂಪು, ತೇವದ ಗಾಳಿಯನ್ನು ನಾವೇ ಪಿಂಗಾಣಿಗೆ ಊದಿದ ಹಾಗೆ.

ನಮ್ಮ ಕಡೆ ಮೇ ತಿಂಗಳಲ್ಲಿ ಈ ತಕರಾರು ಬರುವುದೇ ಅಪರೂಪ. ರಾಯಚೂರಿನ ಬಿಸಿಲಿಗೆ ಪಿಂಗಾಣಿ ತಾನಾಗಿ ಒಣಗಿರುತ್ತದೆ, ಹೀಟರ್ ಸುಟ್ಟಿದ್ದೂ ಯಾರಿಗೂ ಗೊತ್ತಾಗುವುದಿಲ್ಲ. ಸೆಪ್ಟೆಂಬರಿನ ಮಳೆಯಲ್ಲಿ, ಡಿಸೆಂಬರಿನ ಇಬ್ಬನಿಯಲ್ಲಿ ಗುಟ್ಟು ಹೊರಬೀಳುತ್ತದೆ. ಹಾಗಾಗಿ ಹೀಟರ್ ಚೆಕ್ ಮಾಡಬೇಕಾದದ್ದು ಮಳೆಗಾಲಕ್ಕೆ ಮುಂಚೆ. ಪ್ಯಾನಲ್‌ನ ದೀಪ ನೋಡಿ ಹೀಟರ್ ಇದೆ ಅನ್ನಬೇಡಿ, ಕ್ಲ್ಯಾಂಪ್ ಮೀಟರ್ ಹಾಕಿ ಪ್ರತಿ ಹೀಟರಿನ ಕರೆಂಟ್ ನೋಡಿ. ಕಿಲ್ನ್ ಸ್ಟಾರ್ಟ್ ಆಗುವ ಹಲವು ಗಂಟೆ ಮುಂಚೆಯೇ ಹೀಟರ್ ಹಾಕಬೇಕು. ಗ್ಯಾಸ್ ಬಂದ ಮೇಲೆ ಹಾಕಿದರೆ ಅಷ್ಟರಲ್ಲಿ ತಂಪು ಪಿಂಗಾಣಿಯ ಮೇಲೆ ಗ್ಯಾಸಿನ ನೀರು ಕೂತು, ಅದರ ಮೇಲೆ ಬೂದಿ ಕೂತು, ಗಟ್ಟಿಯಾದ ಒಂದು ಪದರ ಆಗಿರುತ್ತದೆ.

ತೇವ ಬರುವ ಇನ್ನೊಂದು ದಾರಿ ಸಣ್ಣ ಕಿಲ್ನ್‌ಗಳ ನೀರು ಸಿಂಪಡಿಸುವ ಕೂಲಿಂಗ್ ಟವರ್. ನಳಿಕೆಯ ಬಾಯಿ ಸವೆದು ಹನಿ ದಪ್ಪವಾದರೆ ನೀರು ಪೂರ್ತಿ ಆವಿಯಾಗದೆ ಡಕ್ಟ್‌ಗೆ ಬರುತ್ತದೆ. ಅಲ್ಲಿ ಡೋಲೊಮೈಟ್‌ನ ಸುಣ್ಣದಂಥ ಪುಡಿ ಇದ್ದೇ ಇರುತ್ತದೆ. ಎರಡೂ ಸೇರಿ ಪ್ಲೇಟಿಗೆ ಗಾರೆ ಮೆತ್ತಿದ ಹಾಗೆ ಆಗುತ್ತದೆ, ರ‍್ಯಾಪಿಂಗ್‌ಗೆ ಬೀಳುವುದಿಲ್ಲ, ಉಳಿ ಸುತ್ತಿಗೆಯೇ ಬೇಕು. ಇಂಥದ್ದು ಕಂಡರೆ ಚಾರ್ಜರ್ ತೊಳೆದು ಸುಮ್ಮನಾಗಬೇಡಿ, ಟವರಿನ ನಳಿಕೆ ಬಿಚ್ಚಿ ನೋಡಿ.

ಇನ್ಸುಲೇಟರಿಗೆ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕುವಾಗ ಟಿಆರ್ ಸೆಟ್ಟನ್ನು ಬಿಡಿಸಿಯೇ ಹಾಕಿ. ಬಿಡಿಸದಿದ್ದರೆ ಒಳಗಿನ ಡಯೋಡ್‌ಗಳು ಒಂದು ದಿಕ್ಕಿನಲ್ಲಿ ಕರೆಂಟ್ ಬಿಡುತ್ತವೆ, ಕೆವಿ ಮೀಟರಿನ ಡಿವೈಡರ್ ಕೂಡ ರೀಡಿಂಗ್ ಇಳಿಸುತ್ತದೆ. ಚೆನ್ನಾಗಿರುವ ಪಿಂಗಾಣಿಯನ್ನು ಕೆಟ್ಟಿದೆ ಎಂದು ಕಿತ್ತು ಹಾಕಿದವರಿದ್ದಾರೆ. ಪಾಸಿಟಿವ್ ಸೆಟ್‌ನಲ್ಲಿ ಡಯೋಡ್ ದಿಕ್ಕು ತಿರುಗಿರುವುದರಿಂದ ಅದೇ ಮೆಗ್ಗರ್ ಲೀಡ್ ಹಾಕಿದರೂ ಎರಡು ಕಡೆ ಎರಡು ಲೆಕ್ಕ ಬರುತ್ತದೆ, ಗೊಂದಲ ಇನ್ನೂ ಜಾಸ್ತಿ.

ಎರಡೂ ಕಡೆ ನೆಗೆಟಿವ್

ನನ್ನ ಪ್ರಕಾರ ಎಲ್ಲಕ್ಕಿಂತ ಕಳ್ಳ ದೋಷ ಇದು. ರಿಪೇರಿಗೆ ಹೋದ ಪಾಸಿಟಿವ್ ಟಿಆರ್ ಸೆಟ್ ವಾಪಸ್ ಬಂದಾಗ, ಇಲ್ಲವೇ ಸ್ಪೇರ್ ಎಂದು ಇಎಸ್‌ಪಿಯ ಸೆಟ್ ತಂದು ಕೂರಿಸಿದಾಗ, ಎರಡೂ ದಾರಿಗಳಿಗೂ ನೆಗೆಟಿವ್ ಹೋಗಿಬಿಡುತ್ತದೆ. ಮೀಟರ್‌ಗಳು ಬಹಳ ಚೆಂದ ಕಾಣುತ್ತವೆ. ಮುಂಚೆ ಕಮ್ಮಿ ಇದ್ದ “ಪಾಸಿಟಿವ್” ಕಡೆ ಈಗ ನೆಗೆಟಿವ್‌ನಷ್ಟೇ ಕೆವಿ, ಅಷ್ಟೇ ಕರೆಂಟ್, ಸ್ಪಾರ್ಕ್ ಕಮ್ಮಿ. ಸುಧಾರಿಸಿತು ಎಂದು ಎಲ್ಲರೂ ಖುಷಿಪಡುತ್ತಾರೆ. ಧೂಳಿಗೆಲ್ಲ ಒಂದೇ ಚಾರ್ಜ್ ಬಂದರೆ ಕಣಗಳು ಒಂದನ್ನೊಂದು ತಳ್ಳುತ್ತವೆಯೇ ಹೊರತು ಅಂಟಿಕೊಳ್ಳುವುದಿಲ್ಲ, ಡಕ್ಟಿನ ಗೋಡೆಯ ಕಡೆ ಓಡಿ ಅಲ್ಲಿ ಕೂರುತ್ತವೆ. ಆ ಗೋಡೆಗೆ ರ‍್ಯಾಪಿಂಗ್ ಇರುವುದಿಲ್ಲ. ಅದು ಆಗಾಗ ಉದುರಿ ಇಎಸ್‌ಪಿಗೆ ಗುಪ್ಪೆ ಗುಪ್ಪೆಯಾಗಿ ಬರುತ್ತದೆ, ಒಪಾಸಿಟಿಯಲ್ಲಿ ಮುಳ್ಳು ಮುಳ್ಳಾಗಿ ಏರಿಳಿತ ಕಾಣುತ್ತದೆ. ಆನ್ ಮಾಡಿದಾಗ ಹೊಗೆ ಜಾಸ್ತಿ ಆಗುತ್ತದೆ ಎಂಬ ದೂರಿಗೆ ನಾನು ಮೊದಲು ಅನುಮಾನ ಪಡುವುದು ಇದನ್ನೇ.

ಹಿಡಿಯುವುದು ಹೇಗೆ? ಡಿಸಿ ಹೈ ವೋಲ್ಟೇಜ್ ಪ್ರೋಬ್ ಇದ್ದವರು ಟಿಆರ್ ಸೆಟ್ ಬುಶಿಂಗ್ ಹತ್ತಿರ ಅಳೆದು ಚಿಹ್ನೆ ನೋಡಬಹುದು, ಇಲ್ಲವೇ ಕೆವಿ ಫೀಡ್‌ಬ್ಯಾಕ್ ಟರ್ಮಿನಲ್‌ನಲ್ಲಿ ಸಾದಾ ಮಲ್ಟಿಮೀಟರ್ ಇಟ್ಟು ಅದು ಪ್ಲಸ್ ತೋರಿಸುತ್ತದೋ ಮೈನಸ್ ತೋರಿಸುತ್ತದೋ ನೋಡಬಹುದು. ಡಕ್ಟ್‌ಗೆ ಗಾಜಿನ ಕಿಂಡಿ ಇದ್ದರೆ ಕಣ್ಣೇ ಸಾಕು. ಕತ್ತಲಾದ ಮೇಲೆ ಏರ್ ಲೋಡ್ ಟೆಸ್ಟ್ ಮಾಡಿ ಕಿಂಡಿಯಿಂದ ನೋಡಿ. ನೆಗೆಟಿವ್ ವೈರ್ ಮೇಲೆ ಬಿಡಿ ಬಿಡಿ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಪಾಸಿಟಿವ್ ವೈರ್ ಉದ್ದಕ್ಕೂ ಒಂದೇ ಸಮನಾದ ನೀಲಿ ಬೆಳಕು ಇರುತ್ತದೆ. ಚುಕ್ಕೆ ಸಾಲು, ಬೆಳಕಿನ ಸಾಲು ಒಂದು ಬಿಟ್ಟು ಒಂದು ಕಾಣಬೇಕು. ಎಲ್ಲಾ ಕಡೆ ಚುಕ್ಕೆಗಳೇ ಇದ್ದರೆ ಉತ್ತರ ಸಿಕ್ಕಿತು. ಗಾಜಿನ ಕಿಂಡಿ ಇಲ್ಲದವರು ಬಾಗಿಲು ತೆರೆದಿಟ್ಟು ಈ ಸಾಹಸ ಮಾಡಬೇಡಿ, ದಯವಿಟ್ಟು.

ಅರ್ಧ ಲೋಡು, ಪೂರ್ತಿ ಧೂಳು

ಇಎಸ್‌ಪಿ ಒಳಗೆ ಗ್ಯಾಸ್ ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ನಿಧಾನವಾಗಿ ಹೋಗುತ್ತದೆ. ಡಕ್ಟ್‌ನಲ್ಲಿ ಹತ್ತು ಪಟ್ಟು, ಅದಕ್ಕಿಂತಲೂ ಜಾಸ್ತಿ. ಅಗ್ಲೊಮರೇಟರ್ ಆ ವೇಗವನ್ನು ನಂಬಿಕೊಂಡೇ ಇದೆ. ವೇಗದ ಗ್ಯಾಸ್ ಪ್ಲೇಟನ್ನು ತಾನೇ ಉಜ್ಜುತ್ತಾ ಹೋಗುತ್ತದೆ, ವೇನ್‌ಗಳ ಹಿಂದೆ ಸುಳಿ ಎದ್ದು ಧೂಳು ಕಲಸುವುದೂ ಆ ವೇಗದಿಂದಲೇ. ಎರಡು ಕಿಲ್ನ್‌ಗೆ ಒಂದೇ ಡಕ್ಟ್ ಇದ್ದು ಒಂದು ನಿಂತರೆ, ಅಥವಾ ಸ್ಪಾಂಜ್ ರೇಟ್ ಬಿದ್ದಿದೆ ಅಂತ ಫೀಡ್ ಕಮ್ಮಿ ಮಾಡಿದರೆ, ಗ್ಯಾಸ್ ಎಳೆಯುವ ಐಡಿ ಫ್ಯಾನಿನ ಡ್ಯಾಂಪರ್ ಮುಚ್ಚುತ್ತಾರೆ. ವೇಗ ಅರ್ಧಕ್ಕೆ ಬರುತ್ತದೆ. ಚಾರ್ಜರ್ ಪ್ಲೇಟ್ ಧೂಳು ಹಿಡಿಯಲು ಶುರು ಮಾಡುತ್ತದೆ, ಅದು ಹಿಡಿಯುವುದಕ್ಕೆ ಮಾಡಿದ್ದಲ್ಲ.

ಇದಕ್ಕೆ ಚಾರ್ಜರ್‌ನಲ್ಲಿ ಔಷಧ ಇಲ್ಲ. ಬಹಳ ದಿನ ಅರ್ಧ ಲೋಡ್ ಅಂತ ಗೊತ್ತಿದ್ದರೆ ಅಗ್ಲೊಮರೇಟರ್ ಆಫ್ ಮಾಡಿಬಿಡಿ. ಕಮ್ಮಿ ಗ್ಯಾಸಿಗೆ ಇಎಸ್‌ಪಿಯೇ ಸಾಕಾಗುತ್ತದೆ. ಪ್ರೆಶರ್ ಡ್ರಾಪ್ ಮೀಟರ್ ನೋಡುತ್ತಿರಿ. ಅದೇ ಲೋಡಿಗೆ ಡ್ರಾಪ್ ಏರುತ್ತಿದ್ದರೆ ಬೂದಿ ತುಂಬುತ್ತಿದೆ. ಅದೇ ಲೋಡಿಗೆ ಡ್ರಾಪ್ ಇಳಿಯುತ್ತಿದ್ದರೆ ಖುಷಿಪಡಬೇಡಿ, ಮಿಕ್ಸಿಂಗ್ ವೇನ್ ಸವೆದು ತೂತು ಬಿದ್ದಿರಬೇಕು. ಅದಿರಿನ ಪುಡಿ, ಸಿಲಿಕಾ ತುಂಬಿದ ಬೂದಿ ಎರಡೂ ಉಕ್ಕನ್ನು ಮರಳು ಕಾಗದದಂತೆ ತಿನ್ನುತ್ತವೆ. ವೇನ್ ಹೋದರೆ ಪಾಸಿಟಿವ್ ಧೂಳು ಪಾಸಿಟಿವ್ ಪದರವಾಗಿ, ನೆಗೆಟಿವ್ ಧೂಳು ನೆಗೆಟಿವ್ ಪದರವಾಗಿ ಕಲೆಯದೆ ಸಮಾನಾಂತರ ಹೋಗಿಬಿಡುತ್ತವೆ. ಎಲೆಕ್ಟ್ರಿಕಲ್‌ನವರು ಎಲ್ಲ ರೀಡಿಂಗ್ ಸರಿ ಅನ್ನುತ್ತಾರೆ, ನಿಜವಾಗಿಯೂ ಸರಿ ಇರುತ್ತದೆ. ಮೆಕ್ಯಾನಿಕಲ್‌ನವರನ್ನು ಕರೆಯಬೇಕು. ಈ ಒಂದು ಕರೆ ಮಾಡಲು ನಮ್ಮ ಇಲಾಖೆಗಳಿಗೆ ಎಷ್ಟು ಜಂಬ ಅಡ್ಡ ಬರುತ್ತದೆ ಅಂತ ಎಲ್ಲರಿಗೂ ಗೊತ್ತು, ಅಲ್ವಾ?

ತಪ್ಪು ಇಎಸ್‌ಪಿಯದ್ದಾದಾಗ

ಬೂದಿಯ ವಿದ್ಯುತ್ ತಡೆ ಬಹಳ ಜಾಸ್ತಿ ಇದ್ದರೆ, ಅಂದರೆ 10ರ ಘಾತ 11 ಓಮ್ ಸೆಂಟಿಮೀಟರ್ ದಾಟಿದರೆ, ಪ್ಲೇಟ್ ಮೇಲಿನ ಬೂದಿ ಪದರದೊಳಗೇ ಕಿಡಿ ಹೊತ್ತಿ ತಿರುಗುಮುರುಗಾ ಕೊರೋನಾ ಆಗುತ್ತದೆ. ವಿ-ಐ ಗೆರೆ ಒಂದು ಹಂತದ ಮೇಲೆ ಹಿಂದಕ್ಕೆ ಬಾಗುತ್ತದೆ, ಕರೆಂಟ್ ಏರುತ್ತದೆ, ಕೆವಿ ಇಳಿಯುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಗಂಧಕ ಕಮ್ಮಿ, ಬೂದಿ ಜಾಸ್ತಿ. ಅದಕ್ಕೇ ಕಲ್ಲಿದ್ದಲು ಬಾಯ್ಲರ್‌ಗಳಲ್ಲಿ ಇದು ಹಳೇ ಕಥೆ. ಸುಮಾರು 150 ಡಿಗ್ರಿ ಹತ್ತಿರ ಈ ತಡೆ ತುತ್ತತುದಿಗೆ ಮುಟ್ಟುತ್ತದೆ. ಸ್ಪಾಂಜ್ ಕಿಲ್ನ್‌ನಲ್ಲಿ ಇದರ ಉಲ್ಟಾ ಕೂಡ ಆಗಬಹುದು. ಸುಡದ ಇದ್ದಿಲ ಪುಡಿ ಜಾಸ್ತಿ ಬಂದರೆ ಬೂದಿ ಚಾರ್ಜನ್ನು ಪ್ಲೇಟಿಗೆ ತಕ್ಷಣ ಬಿಟ್ಟುಕೊಟ್ಟು ಮತ್ತೆ ಗ್ಯಾಸಿಗೆ ಹಾರುತ್ತದೆ. ಕಲ್ಲಿದ್ದಲು ಲಾರಿ ಬದಲಾದ ವಾರವೇ ಹೊಗೆ ಶುರುವಾದರೆ ಮೊದಲು ಲ್ಯಾಬಿನವರಿಂದ ಬೂದಿಯ ಕಾರ್ಬನ್ ಲೆಕ್ಕ ಕೇಳಿ, ಚಾರ್ಜರ್ ಆಮೇಲೆ.

ಎರೆ ಮಣ್ಣು ಮತ್ತು ಅರ್ಥ್

ಟಿಆರ್ ಸೆಟ್‌ನಿಂದ ಹೊರಟ ಕರೆಂಟ್ ವಾಪಸ್ ಬರಬೇಕಾದದ್ದು ಡಕ್ಟಿನ ಮೈಯಿಂದ ಟಿಆರ್ ಸೆಟ್‌ಗೆ ಎಳೆದ ಜಿಐ ಪಟ್ಟಿಯ ಮೂಲಕ. ಆ ಪಟ್ಟಿಯ ಬೋಲ್ಟ್ ತುಕ್ಕು ಹಿಡಿದು ಸಡಿಲವಾದರೆ ಕರೆಂಟ್ ನೆಲದ ದಾರಿ ಹುಡುಕುತ್ತದೆ. ಮಳೆಗಾಲದಲ್ಲಿ ನೆಲ ಹಸಿ, ಹೇಗೋ ನಡೆದು ಹೋಗುತ್ತದೆ. ಬೇಸಿಗೆಯಲ್ಲಿ ಎರೆ ಮಣ್ಣು ಬಿರುಕು ಬಿಟ್ಟು ಅರ್ಥ್ ಪಿಟ್‌ನ ಪೈಪಿಗೂ ಮಣ್ಣಿಗೂ ನಡುವೆ ಸಂದಿ ಬೀಳುತ್ತದೆ. ಆಗ ಎಂಎ ಮುಳ್ಳು ಕುಣಿಯುತ್ತದೆ, ಡಕ್ಟ್ ಹತ್ತಿರದ ಬಿಸಿ ಅಳೆಯುವ ಥರ್ಮೊಕಪಲ್‌ಗಳು ಹುಚ್ಚು ಹುಚ್ಚಾಗಿ ತೋರಿಸುತ್ತವೆ, ಮೆಟ್ಟಿಲಿನ ಕಂಬಿ ಹಿಡಿದವರಿಗೆ ಜುಮ್ ಅನ್ನುತ್ತದೆ. ಜುಮ್ ಅಂದ ದಿನವೇ ನಿಲ್ಲಿಸಿ. ಮೊದಲು ಪಟ್ಟಿಯ ಜಾಯಿಂಟ್ ಬಿಚ್ಚಿ ಉಜ್ಜಿ ಬಿಗಿ ಮಾಡಿ, ಆಮೇಲೆ ಪಿಟ್‌ಗೆ ನೀರು. ಪಿಟ್ ಅಳತೆಯನ್ನು ಏಪ್ರಿಲ್-ಮೇನಲ್ಲಿ ತಗೊಳ್ಳಿ, ಆಗಸ್ಟಿನ ಲೆಕ್ಕ ಎಲ್ಲರದ್ದೂ ಚೆನ್ನಾಗಿಯೇ ಬರುತ್ತದೆ. ಮಸಾರಿ ನೆಲದವರಿಗೆ ಬಿರುಕಿನ ಕಾಟ ಕಮ್ಮಿ, ಆದರೆ ಅದು ಬೇಗ ಒಣಗುತ್ತದೆ.

ಮಧ್ಯಾಹ್ನ ಮಾತ್ರ ಟ್ರಿಪ್ ಆಗಿ ಸಂಜೆ ತಾನಾಗಿ ಸರಿಹೋಗುವುದಾದರೆ ಒಳಗೆ ಹುಡುಕಬೇಡಿ. ಟಿಆರ್ ಸೆಟ್ ಎಣ್ಣೆ ಬಿಸಿ, ಇಲ್ಲವೇ ಥೈರಿಸ್ಟರ್ ಪ್ಯಾನಲ್‌ನ ಫ್ಯಾನ್ ಜಾಲರಿಗೆ ಕೆಂಪು ಧೂಳು ಮೆತ್ತಿದೆ. ಜಾಲರಿ ತೊಳೆಯಿರಿ, ಎಣ್ಣೆ ಮಟ್ಟ ನೋಡಿ, ಟಿಆರ್ ಸೆಟ್ ಮೇಲೆ ತಗಡಿನ ನೆರಳು ಹಾಕಿಸಿ.

ರೈಸ್ ಮಿಲ್ಲಿನವರಿಗೆ

ಗಂಗಾವತಿ, ಕಾರಟಗಿ, ಸಿಂಧನೂರಿನ ಮಿಲ್ಲುಗಳಲ್ಲಿ ಹೊಟ್ಟು ಉರಿಸುವ ಬಾಯ್ಲರ್ ಇರುವವರು ಇದನ್ನು ನಮ್ಮ ಚಿಮಣಿಗೂ ಹಾಕಬಹುದಾ ಎಂದು ಕೇಳುತ್ತಾರೆ. ಹೊಟ್ಟಿನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಬೂದಿ, ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ನಿಮ್ಮ ಅಂಗಳಕ್ಕೆ, ಪಕ್ಕದ ಮನೆಯವರ ಒಣಹಾಕಿದ ಬಟ್ಟೆ ಮೇಲೆ ಬೀಳುತ್ತಿರುವ ಆ ಕರಿ ಚೂರುಗಳು ದಪ್ಪ ಕಣಗಳು. ಅವುಗಳಿಗೆ ಸೈಕ್ಲೋನ್, ಅದರ ಹಿಂದೆ ಬ್ಯಾಗ್ ಫಿಲ್ಟರ್ ಅಥವಾ ನೀರಿನ ಸ್ಕ್ರಬ್ಬರ್ ಬೇಕು. ಹಿಂದೆ ಹಿಡಿಯುವ ಯಂತ್ರವೇ ಇಲ್ಲದೆ ಮುಂದೆ ಚಾರ್ಜರ್ ಕೂರಿಸಿದರೆ ದುಡ್ಡು ದಂಡ. ಸೈಕ್ಲೋನ್ ಇದ್ದೂ ಬೂದಿ ಹಾರುತ್ತಿದ್ದರೆ ಅದರ ತಳದ ರೋಟರಿ ವಾಲ್ವ್ ನೋಡಿ. ಅಲ್ಲಿ ಗಾಳಿ ಒಳಗೆ ಎಳೆದುಕೊಂಡರೆ ಹಿಡಿದ ಬೂದಿಯೆಲ್ಲ ಮತ್ತೆ ಮೇಲೇರುತ್ತದೆ. ವಾಲ್ವಿನ ರಬ್ಬರ್ ಬದಲಿಸುವ ಖರ್ಚು ಟಿಆರ್ ಸೆಟ್ಟಿನ ಖರ್ಚಿನ ಮುಂದೆ ಏನೂ ಅಲ್ಲ.